ಹಾಸು ಮುಗಿಯುವವರೆಗೆ

ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಏಳುವ ಗಂಜಿಯ ವಾಸನೆ ನಮ್ಮ ಸ್ಟಾಫ್ ರೂಮಿನ ಹೆಂಗಸರಿಗೆಲ್ಲ ಪ್ರಾಣ. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದರೆ ಸಿಟ್ಟು ಬರುತ್ತದೆ. ಮೊನ್ನೆ ತೇರದಾಳದಲ್ಲಿ ಒಂದು ಕುಬಸಕ್ಕೆ ಹೋದಾಗ ಹಾಗೇ ಆಯಿತು. ಬಸುರಿಗೆ ಉಡಿ ತುಂಬಲು ತಂದ ಸೀರೆಯನ್ನು ಆ ಮನೆಯಾಕೆ ನನ್ನ ಕೈಗಿಟ್ಟು ಹೇಗಿದೆ ನೋಡಿ ಎಂದರು. ಮಡಿಕೆ ಬಿಚ್ಚಿದೆ, ವಾಸನೆ ಬಂತು, ಹುಬ್ಬು ತಾನಾಗಿಯೇ ಗಂಟಿಕ್ಕಿತು. ಸೀರೆ ನನಗೆ ಸೇರಲಿಲ್ಲ ಎಂದುಕೊಂಡು ಆಕೆಯ ಮುಖ ಸಪ್ಪಗಾಯಿತು. ಸೀರೆಯದೇನೂ ತಪ್ಪಿಲ್ಲ ತಾಯಿ, ತಪ್ಪು ನನ್ನ ಬನಹಟ್ಟಿ ಮನೆಯದು ಎಂದು ಅಷ್ಟು ಜನರ ನಡುವೆ ಹೇಗೆ ಹೇಳಲಿ? ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ನಾನು ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ, ಹಾಗಾಗಿ ಊರಿಗೆಲ್ಲ ನಾನು ಅಕ್ಕೋರು. ಮದುವೆ ಗಿದುವೆ ಆಗಲಿಲ್ಲ. ಹದಿನಾಲ್ಕು ವರ್ಷ ಬಸಲಿಂಗ ಕಾಕಾ ಅವರ ಮನೆಯ ಮಾಳಿಗೆಯ ಮೇಲೆ ಬಾಡಿಗೆಗೆ ಇದ್ದೆ. ಕಾಕಾ ಬೆಲ್ಲದ ವ್ಯಾಪಾರವನ್ನು ಮಗನಿಗೆ ಒಪ್ಪಿಸಿ ಕೆಳಗಿನ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂರುವ ಹಿರಿಯರು. ಒಂಟಿ ಹೆಂಗಸು ಎಂದು ಯಾರೂ ಮನೆ ಕೊಡದಿದ್ದಾಗ ಕೊಟ್ಟವರು. ಅವರೂ ಸೇರಿ ಎಲ್ಲರೂ ನನಗೆ ಒಂದೇ ಮಾತು ಹೇಳುತ್ತಿದ್ದರು: ಜಾಗಕ್ಕೆ ಹಾಕಿದ ದುಡ್ಡು ಎಲ್ಲಿಗೂ ಹೋಗುವುದಿಲ್ಲ, ಒಂದು ಮನೆ ತೆಗೆದುಕೊಂಡು ಬಾಡಿಗೆ ಕೊಟ್ಟುಬಿಡಿ, ಮುಂದೆ ನಿಮಗೇ ಆಗುತ್ತದೆ. ನಾನು ಬನಹಟ್ಟಿಯಲ್ಲಿ ಒಂದು ಮನೆ ಕೊಂಡೆ. ಬನಹಟ್ಟಿ ನನ್ನ ತವರು. ಅಪ್ಪ ಅಲ್ಲಿ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದೇ ನನ್ನನ್ನು ಬಿ.ಎಡ್. ತನಕ ಓದಿಸಿದ. ನಾನು ಕೊಂಡ ಮನೆಗೆ ಮುಂದೆ ಉದ್ದನೆಯ ಹಾಲ್, ಹಿಂದೆ ಎರಡು ಕೋಣೆ, ಹಿತ್ತಲಲ್ಲಿ ಒಂದು ನುಗ್ಗೆ ಗಿಡ. ಜಾಗ ಎಲ್ಲಿಗೂ ಹೋಗುವುದಿಲ್ಲ ಎಂದಿದ್ದರಲ್ಲ, ಖರೆ. ಅಲ್ಲಿಗೆ ಬಾಡಿಗೆಗೆ ಬಂದವನೂ ಎಲ್ಲಿಗೂ ಹೋಗಲಿಲ್ಲ.

ಬಂದವನು ಚನ್ನಪ್ಪ. ಹಾಲ್‌ನಲ್ಲಿ ಎರಡು ಪಾವರ್‌ಲೂಮ್ ಹಾಕಿದ, ಹಿಂದಿನ ಕೋಣೆಗಳಲ್ಲಿ ಹೆಂಡತಿ ಶಾಂತವ್ವನೊಂದಿಗೆ ಸಂಸಾರ ಹೂಡಿದ. ಕುಡಿತವಿಲ್ಲ, ಜಗಳವಿಲ್ಲ, ಬಾಡಿಗೆ ಒಂದು ದಿನವೂ ತಪ್ಪಿಸಿದವನಲ್ಲ. ನಾಗರ ಪಂಚಮಿಗೆ ಶಾಂತವ್ವ ಮರೆಯದೆ ಉಂಡಿ ಕಟ್ಟಿ ಕಳಿಸಿದ್ದಳು. ಇದೇ ನನಗೆ ಮುಳುವಾದದ್ದು. ಬಾಡಿಗೆದಾರ ಕೆಟ್ಟವನಾಗಿದ್ದರೆ ಜಗಳಕ್ಕಾದರೂ ಒಂದು ಬಾಗಿಲು ಇರುತ್ತಿತ್ತು. ಉಂಡಿ ತಿಂದ ಬಾಯಲ್ಲಿ ಮನೆ ಬಿಡು ಎನ್ನುವುದು ಹೇಗೆ?

ಕರಾರು ಪತ್ರ ಮಾಡಿಸಲು ಜಮಖಂಡಿ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಗೆ ಹೋಗಿದ್ದೆವು. ಹನ್ನೊಂದು ತಿಂಗಳು ಎಂದು ಎಲ್ಲರೂ ಬರೆಸುವಂತೆ ನಾನೂ ಬರೆಸಿದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಸಹಿ ಹಾಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನಾನು ನೇಕಾರನ ಮಗಳಲ್ಲವೇ, ನೇಕಾರಿಕೆ ಗೊತ್ತು ಎಂದು ತೋರಿಸಬೇಕಲ್ಲ! ಮಗ್ಗದ ಮೇಲೆ ಹಾಸು ಇರುವಾಗ ನೇಕಾರನನ್ನು ಎಬ್ಬಿಸಬಾರದು, ಅದು ಉಣ್ಣುವವನ ಎದುರಿಂದ ಗಂಗಾಳ ಎಳೆದಂತೆ ಎಂದು ಅಪ್ಪ ಹೇಳುತ್ತಿದ್ದ. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು. ಅದರ ಮೇಲೆ ಅಡ್ಡ ನೂಲು ಹೊಕ್ಕಾಗಲೇ ಬಟ್ಟೆ. ನಾನು ಕತ್ತೆತ್ತಿ ಗತ್ತಿನಿಂದ ಹೇಳಿದೆ: "ಹನ್ನೊಂದು ತಿಂಗಳು, ಆನಂತರ ಮಗ್ಗದ ಮೇಲಿರುವ ಹಾಸು ಮುಗಿಯುವವರೆಗೆ." ಟೈಪ್ ಮಾಡುವವನು 'ಹಾಸಿಗೆ ಮುಗಿಯುವವರೆಗೆ' ಎಂದು ಹೊಡೆದಿದ್ದ. ನಾನೇ ನಿಂತು ತಿದ್ದಿಸಿದೆ. ಆ ಪುಣ್ಯಾತ್ಮನ ತಪ್ಪನ್ನು ಹಾಗೇ ಬಿಟ್ಟಿದ್ದರೂ ನಾನು ಬದುಕುತ್ತಿದ್ದೆ.

ಮರುವರ್ಷ ಏಪ್ರಿಲ್‌ನಲ್ಲಿ ಕಾಕಾ ನನ್ನನ್ನು ಕಟ್ಟೆಯ ಹತ್ತಿರ ನಿಲ್ಲಿಸಿದರು. ಬಿಸಿಲಿಗೆ ಜಮಖಂಡಿಯ ಗುಡ್ಡದ ಕಲ್ಲುಗಳೂ ಕಾದು ಬೆಳ್ಳಗಾಗಿದ್ದವು. ಕಾಕಾ ಮಾತಿಗೆ ಮೊದಲು ಎರಡು ಸಲ ಕೆಮ್ಮಿದರು. "ಅಕ್ಕೋರ, ಶಿವರಾತ್ರಿ ಆದ ಮ್ಯಾಲೆ ಹುಡುಗನ ಲಗ್ನ ಮಾಡೂದೈತ್ರಿ. ಮ್ಯಾಲಿನ ಮನಿ ಅವಗ ಬೇಕಾಗತೈತಿ. ನಿಮಗ ಹೋಗ್ರಿ ಅನ್ನಾಕ ನನಗ ಬಾಯಿ ಬರವಲ್ದು." ನಾನು ನಕ್ಕುಬಿಟ್ಟೆ. ಹತ್ತು ತಿಂಗಳು ಮೊದಲೇ ಹೇಳುತ್ತಿದ್ದೀರಿ, ನನ್ನ ಸ್ವಂತ ಮನೆ ಬನಹಟ್ಟಿಯಲ್ಲಿದೆ, ಮುಂದಿನ ತಿಂಗಳು ಅದರ ಕರಾರೂ ಮುಗಿಯುತ್ತದೆ, ಅಲ್ಲಿಂದಲೇ ಬಸ್ಸಿನಲ್ಲಿ ಶಾಲೆಗೆ ಓಡಾಡುತ್ತೇನೆ ಎಂದೆ. ಸ್ವಂತ ಮನೆ ಎನ್ನುವಾಗ ಎದೆ ಸ್ವಲ್ಪ ಮುಂದೆ ಬಂದಿರಬೇಕು. ದೇವರು ಅದನ್ನು ನೋಡಿದ.

ಜೂನ್‌ನಲ್ಲಿ ಮೊದಲ ಸಲ ಹೋದೆ. ಚನ್ನಪ್ಪ ಮಗ್ಗ ನಿಲ್ಲಿಸಿ, ಕುರ್ಚಿ ಒರೆಸಿ ಕೂರಿಸಿದ. ಮನೆ ಬೇಕು ಎಂದಾಗ ತಲೆಯಾಡಿಸಿದ. ಮನೆ ನಿಮ್ಮದು, ಬೇಡ ಅನ್ನಲು ನಾನ್ಯಾರು, ಹಾಸು ಇನ್ನು ಸ್ವಲ್ಪ ಇದೆ, ಅದೊಂದು ಮುಗಿಯಲಿ ಎಂದ. ಎಷ್ಟು ಸರಿಯಾದ ಮಾತು! ಶಾಂತವ್ವನ ಚಹಾ ಕುಡಿದು ಖುಷಿಯಿಂದ ಬಂದೆ.

ಜುಲೈನಲ್ಲಿ ಹೋದಾಗ ಮಳೆ ಬರಿ ಮೋಡ ತೋರಿಸಿ ಬೀಳಗಿ ಕಡೆ ಓಡಿತ್ತು, ಗಾಳಿ ಮಾತ್ರ ಕಣ್ಣಿಗೆ ಮಣ್ಣು ತೂರುತ್ತಿತ್ತು. ಒಳಗೆ ಒಂದು ಮಗ್ಗ ನಿಂತಿತ್ತು. ಮುಗಿಯಿತು ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಶಾಂತವ್ವ ಮಗ್ಗದ ಹಿಂದೆ ಮಣೆ ಹಾಕಿಕೊಂಡು ಕೂತು, ಮುಗಿಯುತ್ತ ಬಂದ ಹಸಿರು ಹಾಸಿನ ಒಂದೊಂದು ಎಳೆಗೂ ಹೊಸ ನೀಲಿ ಹಾಸಿನ ಒಂದೊಂದು ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಜೋಡಿಸುತ್ತಿದ್ದಳು. ಸಾವಿರಾರು ಎಳೆ. ಹೊಸ ನೂಲಿನ ಗಂಜಿಯ ವಾಸನೆ ಹಾಲ್ ತುಂಬ ಹರಡಿತ್ತು. ಹಾಸು ಮುಗಿಯಿತಲ್ಲ ಚನ್ನಪ್ಪ ಎಂದು ಕೇಳಿದೆ.

"ಎಲ್ಲಿ ಮುಗೀತ್ರಿ ಅಕ್ಕೋರ, ಕೆಚ್ಚಾಕತ್ತೀವಲ್ರಿ. ಕೆಚ್ಚಿದ ಮ್ಯಾಲೆ ಅದು ಅದ ಹಾಸು ಆತು."

ಹಣೆ ಹಣೆ ಬಡಿದುಕೊಂಡೆ. ಕೆಚ್ಚುವುದು! ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಜೋಡಿಸುವುದು. ಯಾವ ನೇಕಾರನೂ ಮಗ್ಗವನ್ನು ಪೂರ್ತಿ ಬರಿದು ಮಾಡುವುದಿಲ್ಲ, ಬರಿದು ಮಾಡಿದರೆ ಅಷ್ಟೂ ಎಳೆಗಳನ್ನು ಮತ್ತೆ ಮೊದಲಿನಿಂದ ಒಂದೊಂದಾಗಿ ಪೋಣಿಸಬೇಕು. ಚಿಕ್ಕವಳಿದ್ದಾಗ ಅವ್ವ ಕೆಚ್ಚುವಾಗ ಅವಳ ತೊಡೆಯ ಮೇಲೆ ನಿದ್ದೆ ಹೋದವಳು ನಾನು. ಅಪ್ಪ ಸಾಯುವ ದಿನವೂ ಅವನ ಮಗ್ಗದ ಮೇಲೆ ಹಾಸು ಇತ್ತು. ಇಷ್ಟೆಲ್ಲ ಗೊತ್ತಿದ್ದೂ, ಆ ಟೈಪಿಂಗ್ ಅಂಗಡಿಯಲ್ಲಿ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ಬೇರೆ ಊರಿನ ಮಾಲೀಕನಾಗಿದ್ದರೆ ಹಾಸು ಎಂಬ ಮಾತನ್ನೇ ಬರೆಸುತ್ತಿರಲಿಲ್ಲ. ಇಂಥ ತಪ್ಪು ಮಾಡಲು ನೇಕಾರನ ಮಗಳೇ ಬೇಕು.

ಆದರೂ ಗಣಿತದ ಅಕ್ಕೋರು ಸೋಲೊಪ್ಪುವುದುಂಟೇ? ಈ ಹಾಸು ಮುಗಿದು ಮುಂದಿನದನ್ನು ಕೆಚ್ಚುವ ಮೊದಲು ಒಂದು ಗಳಿಗೆ ಸಿಕ್ಕೇ ಸಿಗುತ್ತದೆ, ಆ ಗಳಿಗೆಗೆ ಬಾಗಿಲಲ್ಲಿ ನಿಲ್ಲುತ್ತೇನೆ ಎಂದು ಹಟ ಹಿಡಿದೆ. ಒಂದು ಹಾಸು ಮುಗಿಯಲು ಎಷ್ಟು ದಿನ ಎಂದು ಶಾಂತವ್ವನನ್ನೇ ಕೇಳಿದೆ. ಈ ಮಗ್ಗಕ್ಕೆ ಇಪ್ಪತ್ತು, ಆ ಮಗ್ಗಕ್ಕೆ ಇಪ್ಪತ್ತೈದು ಎಂದಳು. ಆಗ ನೆನಪಾಯಿತು, ಮಗ್ಗ ಎರಡು. ಒಂದು ಮುಗಿಯುವಾಗ ಇನ್ನೊಂದು ನಡುವೆ ಇರುತ್ತದೆ. ಎರಡೂ ಒಂದೇ ದಿನ ಮುಗಿಯಬೇಕಾದರೆ ಲ.ಸಾ.ಅ. ತೆಗೆಯಬೇಕು: ನೂರು ದಿನಕ್ಕೊಮ್ಮೆ. ಅದೂ ಕರೆಂಟ್ ಹೋಗದಿದ್ದರೆ. ಬನಹಟ್ಟಿಯಲ್ಲಿ ಕರೆಂಟ್ ಹೋಗದಿದ್ದರೆ! ಎಂಟನೆಯ ಇಯತ್ತೆಯ ಮಕ್ಕಳು ಲ.ಸಾ.ಅ. ಯಾಕೆ ಕಲಿಯಬೇಕು ಎಂದು ಈಗ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿದೆ.

ಸ್ಟಾಫ್ ರೂಮಿನಲ್ಲಿ ಉಪದೇಶಕ್ಕೆ ಬರವೇ? ಒಬ್ಬರು ಫ್ಯೂಸ್ ಕಿತ್ತು ಬಿಸಾಕಿ ಎಂದರು. ಇನ್ನೊಬ್ಬರು ಅವರು ಜಾತ್ರೆಗೆ ಹೋದಾಗ ಬೀಗ ಜಡಿಯಿರಿ ಎಂದರು. ಮೂರನೆಯವರು, ಕೋರ್ಟಿಗೆ ಮಾತ್ರ ಹೋಗಬೇಡಿ, ಅಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದವರು ಮೂರನೆಯದನ್ನು ಯಾಕೆ ಬಿಟ್ಟರೋ: ಬಾಡಿಗೆ ಕೊಟ್ಟು ನೋಡು.

ಕೊನೆಗೆ ವಕೀಲಳಾಗಿರುವ ನನ್ನ ಹಳೆಯ ವಿದ್ಯಾರ್ಥಿನಿ ಸವಿತಾಳ ಹತ್ತಿರ ಹೋದೆ. ನನ್ನ ವಿಷಯದಲ್ಲಿ ಎಂದೂ ಮೂವತ್ತೈದು ಅಂಕ ದಾಟದ ಹುಡುಗಿ. ನನ್ನ ಕರಾರು ಪತ್ರ ಓದುತ್ತ, ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ನಾನು ಹಿಂದಿನ ಬೆಂಚಿನವಳಂತೆ ಕೂತು ಕೇಳಿದೆ. ಫ್ಯೂಸ್ ಮುಟ್ಟುವ ಹಾಗಿಲ್ಲ, ಬೀಗ ಹಾಕುವ ಹಾಗಿಲ್ಲ, ಹಾಗೆ ಮಾಡಿದರೆ ಕಳ್ಳಿ ನಾನೇ ಆಗುತ್ತೇನೆ. ಒಳಗಿರುವವನನ್ನು ಕೋರ್ಟಿನ ಹಾದಿಯಲ್ಲೇ ಬಿಡಿಸಬೇಕು. ಆ ಹಾದಿಯ ಮೊದಲ ಮೆಟ್ಟಿಲು ನೋಟಿಸ್. ಬರಿ ವಾಸಕ್ಕೆ ಕೊಟ್ಟ ಮನೆಯಾದರೆ ಹದಿನೈದು ದಿನದ ನೋಟಿಸ್ ಸಾಕಿತ್ತಂತೆ. ನಾನು 'ಮಗ್ಗ ನಡೆಸುವ ಸಲುವಾಗಿ' ಎಂದು ಬೇರೆ ಬರೆಸಿದ್ದೆನಲ್ಲ, ಅದು ಸರಕು ತಯಾರಿಸುವ ಜಾಗವಾಯಿತು.

"ಆರು ತಿಂಗಳ ನೋಟಿಸ್ ಕೊಡೂಣ್ರಿ ಅಕ್ಕೋರ. ನಾಳೆ ಯಾರೂ ತಪ್ಪು ತಗೀಬಾರದು," ಎಂದಳು. ಸ್ವಲ್ಪ ತಡೆದು, "ಮುಂದಿನ ಸಲ ತಾರೀಖ ಬರಸ್ರಿ. ಹಾಸು, ಹೊಕ್ಕು ಏನೂ ಬ್ಯಾಡ," ಎಂದು ಸೇರಿಸಿದಳು. ನಾನು ಇವಳ ಪೇಪರಿನ ಮೇಲೆ ಕೆಂಪು ಇಂಕಿನಲ್ಲಿ ಎಷ್ಟು ಸಲ 'ಸರಿಯಾಗಿ ಓದಿ ಉತ್ತರಿಸು' ಎಂದು ಬರೆದಿದ್ದೇನೋ.

ಆಗಸ್ಟ್ ಮೊದಲ ವಾರ ನೋಟಿಸ್ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು. ಆರು ತಿಂಗಳೆಂದರೆ ಫೆಬ್ರವರಿ. ಶಿವರಾತ್ರಿಯೂ ಆಗಲೇ. ಒಂದು ವಾರ ಹಿಂದೆ ಮುಂದೆ ಆದರೂ ಕಾಕಾ ಮನೆಯ ಹೊಸ ಸೊಸೆ ನನ್ನ ಪಾತ್ರೆ ಪಗಡೆಗಳ ನಡುವೆ ಸೇರಕ್ಕಿ ಒದೆಯಬೇಕಾಗಿತ್ತು. ಆ ಭಾನುವಾರ ಚನ್ನಪ್ಪ ಜಮಖಂಡಿಗೆ ನನ್ನ ಮನೆಗೇ ಬಂದ. ಸಿಟ್ಟಿನಿಂದ ಬಂದಿದ್ದಾನೆ ಎಂದು ನಾನು ಸೊಂಟ ಕಟ್ಟಿ ನಿಂತೆ. ಅವನು ಚಪ್ಪಲಿ ಕೆಳಗೇ ಬಿಟ್ಟು ಮೇಲೆ ಬಂದು, ಜೇಬಿನಿಂದ ನೋಟಿಸ್ ತೆಗೆದು ಎರಡೂ ಕೈಯಿಂದ ನನಗೆ ಕೊಟ್ಟ.

"ಇಂಗ್ಲೀಷಿನ್ಯಾಗ ಐತ್ರಿ ಅಕ್ಕೋರ. ಸ್ವಲ್ಪ ಓದಿ ಹೇಳ್ರಿ. ನಮ್ಮ ಪೈಕಿ ಓದಿದವರು ನೀವ ಒಬ್ಬರು."

ಇದಕ್ಕೇನು ಹೇಳುತ್ತೀರಿ? ಅವನಿಗೆ ನಾನು ಕಳಿಸಿದ ನೋಟಿಸನ್ನು ನಾನೇ ಅವನಿಗೆ ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. 'ತಪ್ಪಿದಲ್ಲಿ ನನ್ನ ಕಕ್ಷಿದಾರರು ನಿಮ್ಮ ವಿರುದ್ಧ ಕಾನೂನು ಕ್ರಮ ಕೈಗೊಳ್ಳುವರು' ಎಂಬಲ್ಲಿಗೆ ಬಂದಾಗ ಕಕ್ಷಿದಾರರು ಅಂದರೆ ಯಾರು ಎಂದು ಕೇಳಿದ. ನಾನೇ ಎಂದೆ. ಹೌದೇ ಎಂದು ತಲೆಯಾಡಿಸಿದ. ಚಹಾ ಮಾಡಿ ಕೊಟ್ಟೆ, ಕುಡಿದ. ಹೋಗುವಾಗ ಬಾಗಿಲಲ್ಲಿ ನಿಂತು, ಬಿಡುವುದಿಲ್ಲ ಎಂದು ಹಟವಿಲ್ಲ, ಜೂನ್ ತಿಂಗಳಿಂದಲೂ ಜಾಗ ಹುಡುಕುತ್ತಿದ್ದೇನೆ, ಮಗ್ಗ ಎಂದ ಕೂಡಲೇ ಗೋಡೆ ಬಿರಿಯುತ್ತದೆ, ಸದ್ದಿಗೆ ಕಿವಿ ಹೋಗುತ್ತದೆ ಎಂದು ಎಲ್ಲರೂ ಬಾಗಿಲು ಹಾಕುತ್ತಾರೆ ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ. "ನೀವ ಹಾಸು ಮುಗೀಲಿ ಅಂದಿದ್ರಲ್ರಿ. ಅಲ್ಲೀತನಾ ಹೆಂಗರ ಆಗತೈತಿ ಅಂತ ಸುಮ್ಮನಿದ್ದೆ," ಎಂದ. ಒಂಟಿ ಹೆಂಗಸಿಗೆ ಮನೆ ಇಲ್ಲ ಎಂದು ಹಾಕಿಸಿಕೊಂಡ ಬಾಗಿಲುಗಳ ಲೆಕ್ಕ ನನಗೂ ಇತ್ತು. ಆದರೆ ಅದನ್ನು ನೆನೆಸಿಕೊಂಡರೆ ಸಿಟ್ಟು ಕಡಿಮೆಯಾಗುತ್ತದಲ್ಲ, ಅದಕ್ಕೇ ನೆನೆಸಿಕೊಳ್ಳಲಿಲ್ಲ.

ದಸರೆ ಹೋಯಿತು, ದೀಪಾವಳಿ ಹೋಯಿತು. ಕಬ್ಬಿನ ಹಂಗಾಮು ಶುರುವಾಗಿ ರಸ್ತೆಯ ತುಂಬ ಟ್ರ್ಯಾಕ್ಟರ್‌ಗಳು. ಜಮಖಂಡಿಯಿಂದ ಬನಹಟ್ಟಿಗೆ ಹೋಗುವ ಬಸ್ಸು ಎರಡೆರಡು ಟ್ರೇಲರ್ ಕಬ್ಬಿನ ಹಿಂದೆ ತೆವಳುವಾಗ ನಾನು ಕಿಟಕಿಯಲ್ಲಿ ಹಲ್ಲು ಕಡಿಯುತ್ತಿದ್ದೆ. ಕಾಕಾ ದಿನಾ ಕಟ್ಟೆಯ ಮೇಲೆ. ಏನೂ ಕೇಳುತ್ತಿರಲಿಲ್ಲ, ಕನ್ನಡಕದ ಮೇಲಿಂದ ನೋಡುತ್ತಿದ್ದರು, ಅಷ್ಟೇ. ದಸರೆಯಲ್ಲಿ ನಾನು ಅರ್ಧವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ಸಾಮಾನು ಕಟ್ಟುತ್ತೇನೆ ಎಂದಿದ್ದೆ. ಡಿಸೆಂಬರಿನಲ್ಲಿ ಪೇಪರ್ ತಿದ್ದುವುದು ಮುಗಿಯಲಿ ಎಂದೆ. ಸಂಕ್ರಾಂತಿಯ ಎಳ್ಳು ಕೊಡಲು ಕೆಳಗೆ ಹೋದಾಗ ಹತ್ತನೆಯವರ ಪೂರ್ವಸಿದ್ಧತಾ ಪರೀಕ್ಷೆ ಒಂದು ಆಗಲಿ ಕಾಕಾ ಎಂದುಬಿಟ್ಟೆ. ಕಾಕಾ ಎಳ್ಳು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಚನ್ನಪ್ಪಂದು ಹಾಸು, ನಿಮ್ಮದು ಪರೀಕ್ಷಿ. ಎರಡೂ ಮುಗಿಯು ಪೈಕಿ ಅಲ್ಲ."

ನನಗೆ ನಾಚಿಕೆಯಾಯಿತು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂದು ಮಕ್ಕಳಿಗೆ ನಾನೇ ಹೇಳುವವಳು. ಬನಹಟ್ಟಿಗೆ ಮಾಲೀಕಳಾಗಿ ಹೋಗಿ ನೋಟಿಸ್ ಕೊಡುತ್ತಿದ್ದೆ, ಜಮಖಂಡಿಗೆ ಬಾಡಿಗೆದಾರಳಾಗಿ ಬಂದು ಕೆಚ್ಚುತ್ತ ಕೂತಿದ್ದೆ.

ಮಾರನೆಯ ದಿನವೇ ರಜೆ ಹಾಕಿ ಚನ್ನಪ್ಪನನ್ನು ಕರೆದುಕೊಂಡು ನಾನೇ ಜಾಗ ಹುಡುಕಲು ಹೊರಟೆ. ಬೇರೆ ದಾರಿಯಿರಲಿಲ್ಲ. ನಾಲ್ಕು ದಿನ ರಬಕವಿಯ ಓಣಿ ಓಣಿ ತಿರುಗಿದೆವು. ಕಡೆಗೆ ಸಾವಳಗಿಯ ಗೊಬ್ಬರದ ವ್ಯಾಪಾರಿಯೊಬ್ಬ ರಬಕವಿಯಲ್ಲಿ ಖಾಲಿ ಬಿದ್ದಿದ್ದ ತನ್ನ ಗೋದಾಮನ್ನು ಕೊಡಲು ಒಪ್ಪಿದ. ಅವನ ಮಗಳು ನನ್ನ ಕ್ಲಾಸಿನಲ್ಲಿ ಓದಿದವಳು, ಆ ಮುಲಾಜಿಗೆ. ಅಕ್ಕೋರೇ, ನಿಮಗೆ ಅನುಭವವಿದೆ, ಕರಾರು ನೀವೇ ಬರೆಸಿ ಎಂದ. ಮತ್ತೆ ಅದೇ ಟೈಪಿಂಗ್ ಅಂಗಡಿ, ಅದೇ ಹುಡುಗ, ಅವಧಿ ಎಷ್ಟು ಎಂಬ ಅದೇ ಪ್ರಶ್ನೆ. ಚನ್ನಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಏನು ಬೇಕು ಎಂದು ನನಗೆ ಗೊತ್ತಿತ್ತು. ಗೊಬ್ಬರದವನಿಗೆ ಹಾಸು ಅಂದರೆ ಕಂಬಳಿಯೋ ಚಾಪೆಯೋ ಎಂಬುದೂ ಗೊತ್ತಿರಲಿಲ್ಲ. ಒಂದು ಮಾತು ನುಡಿದರೆ ಸಾಕು, ಚನ್ನಪ್ಪ ಜನ್ಮವಿಡೀ ಅಲ್ಲಿ ಇರಬಹುದಿತ್ತು.

ನಾನು ತಾರೀಖು ಬರೆಸಿದೆ. ಜೊತೆಗೆ, ಬಿಡಿಸುವುದಾದರೆ ಆರು ತಿಂಗಳು ಮೊದಲು ಬರೆದು ತಿಳಿಸಬೇಕು ಎಂದೂ ಬರೆಸಿದೆ. ಆರು ತಿಂಗಳು ಯಾಕೆ ಎಂದು ಗೊಬ್ಬರದವನು ರಾಗ ಎಳೆದ. ಮಗ್ಗಕ್ಕೆ ಕೊಟ್ಟ ಜಾಗಕ್ಕೆ ಕಾನೂನೇ ಹಾಗಿದೆ ಎಂದೆ. ನನಗೆ ಬಡಿದ ಕೋಲನ್ನೇ ಚನ್ನಪ್ಪನ ಕೈಗೆ ಕೊಟ್ಟಂತಾಯಿತು.

ಸಾಮಾನು ಸಾಗಿಸುವ ದಿನ ನಾನು ಬೆಳಗಿನ ಮೊದಲ ಬಸ್ಸಿಗೇ ಹೋದೆ. ಕಾಕಾ ಮನೆಯ ಮುಂದೆ ಚಪ್ಪರದ ಕಂಬ ಇಳಿಸಿದ್ದರು. ಬನಹಟ್ಟಿಯಲ್ಲಿ ಎರಡೂ ಮಗ್ಗದ ಮೇಲೆ ಹಾಸು ಇತ್ತು, ನೇಯ್ದು ಮುಗಿಯದ ಸೀರೆಯೂ ಇತ್ತು. ಮತ್ತೆ ಇದು ಮುಗಿಯುವವರೆಗೆ ಅನ್ನುತ್ತಾನೆ ಎಂದು ಬಾಯಿ ತೆರೆಯುವಷ್ಟರಲ್ಲಿ ನಾಲ್ಕು ಜನ ನೇಕಾರರು ಬಂದರು. ಚನ್ನಪ್ಪ ಎರಡು ಬೋಲ್ಟ್ ಸಡಿಲಿಸಿದ. ನೂಲು ಸುತ್ತಿದ ಬೀಮು ಒಂದು ಕಡೆ, ಬಟ್ಟೆ ಸುತ್ತಿದ ಕೋಲು ಇನ್ನೊಂದು ಕಡೆ, ನಡುವೆ ಎಳೆ ಪೋಣಿಸಿದ ಚೌಕಟ್ಟು, ಎಲ್ಲವನ್ನೂ ಇದ್ದಂತೆಯೇ ಮಗ್ಗದಿಂದ ಎತ್ತಿ ಹೆಗಲ ಮೇಲಿಟ್ಟುಕೊಂಡು ಹೊರಗೆ ನಡೆದರು. ಒಂದು ಎಳೆ ಹರಿಯಲಿಲ್ಲ. ಎಲ್ಲ ಸೇರಿ ಅರ್ಧ ತಾಸು ಆಗಿರಬಹುದು.

ನಾನು ಅಂಗಳದಲ್ಲಿ ಗರ ಬಡಿದವಳಂತೆ ನಿಂತಿದ್ದೆ. ಹಾಸು ಇದ್ದಹಾಗೇ ಒಯ್ಯಬಹುದೇ ಚನ್ನಪ್ಪ ಎಂದೆ.

"ಒಯ್ಯಾಕ ಬರತೈತ್ರಿ. ಮಂದಿ ಬೇಕಾಗತಾರ, ಅಷ್ಟ."

ಹಾಗಾದರೆ ಈ ಹಾಸು ಮುಗಿಯುವುದು ಬೇಕೇ ಇರಲಿಲ್ಲವಲ್ಲೋ ಎಂದು ಕೂಗಿದೆ. ಓಣಿಯ ಹೆಂಗಸರು ಬಾಗಿಲಿಗೆ ಬಂದರು.

"ಖರೆ ಐತ್ರಿ," ಎಂದ ಚನ್ನಪ್ಪ. "ನೀವು ಕಾಗದದಾಗ ಮುಗಿಯೂತನಾ ಅಂತ ಬರಸಿದ್ರಿ. ಓದಿದವರು, ನೇಕಾರ ಮಂದಿ, ವಿಚಾರ ಮಾಡೇ ಬರಸಿರತಾರ ಅಂತ ನಾನೂ ಸುಮ್ಮನಾದೆ."

ಬೈಯೋಣ ಎಂದರೆ ಯಾರನ್ನು ಬೈಯಲಿ? ಟೆಂಪೋ ಹೋಯಿತು. ಹಾಲ್‌ನ ನೆಲದಲ್ಲಿ ಎಂಟು ಬೋಲ್ಟಿನ ತೂತು, ಗೋಡೆಯಲ್ಲಿ ಎರಡು ಬಿರುಕು, ಮೂಲೆಯಲ್ಲಿ ಗುಡಿಸದ ನೂಲಿನ ತುಣುಕು. ಗಂಜಿಯ ವಾಸನೆ ಹಾಗೇ ಇತ್ತು. ಮೂರು ದಿನ ಕಿಟಕಿ ಬಾಗಿಲು ತೆರೆದಿಟ್ಟು, ಸುಣ್ಣ ಹೊಡೆಸಿ, ಶಿವರಾತ್ರಿಯ ಹಿಂದಿನ ದಿನ ಒಳಗೆ ಬಂದೆ. ಕಾಕಾನ ಮಗನ ಮದುವೆಗೆ ಬಾಡಿಗೆದಾರಳಾಗಿ ಅಲ್ಲ, ಬೀಗರಂತೆ ಹೊರಗಿನಿಂದ ಬಂದು ಉಂಡು ಹೋದೆ.

ಯುಗಾದಿಗೆ ಎರಡು ದಿನ ಇರುವಾಗ ಶಾಂತವ್ವ ಬಂದಳು. ಪೇಪರಿನಲ್ಲಿ ಸುತ್ತಿದ ಒಂದು ನೀಲಿ ಸೀರೆ ಕೈಯಲ್ಲಿತ್ತು. ಎಂಥ ಮಂದಿ, ಮನೆ ಬಿಡಿಸಿದವಳಿಗೇ ಸೀರೆ ತಂದಿದ್ದಾರೆ ಎಂದುಕೊಂಡೆ. ಇದೆಲ್ಲ ಯಾಕೆ ತಂದೆ ಎನ್ನುತ್ತ ಮಡಿಕೆ ಬಿಚ್ಚಿದೆ. ಸೆರಗಿನಿಂದ ಎರಡು ಮೊಳ ಈಚೆಗೆ ಸೀರೆಯ ಅಡ್ಡಕ್ಕೆ ಒಂದು ಗೆರೆ, ನೇಯ್ಗೆ ಅಲ್ಲಿ ಸಡಿಲಾಗಿ ಮತ್ತೆ ಬಿಗಿಯಾಗಿತ್ತು. ಮಗ್ಗ ಎತ್ತಿದ ದಿನ ನೇಯ್ದು ಮುಗಿಯದಿದ್ದ ಸೀರೆ. ಗೆರೆಯ ಆಚೆಯದು ನನ್ನ ಮನೆಯಲ್ಲಿ ನೇಯ್ದದ್ದು, ಈಚೆಯದು ರಬಕವಿಯ ಗೋದಾಮಿನಲ್ಲಿ.

"ನೂಲು ಕೊಡೂ ಸಾವಕಾರ ಡ್ಯಾಮೇಜ್ ಅಂತ ತಗೊಳ್ಳಲಿಲ್ರಿ," ಎಂದಳು ಶಾಂತವ್ವ. "ನಿಮ್ಮ ಸಲುವಾಗಿ ಬಿದ್ದ ಗೆರಿ ಐತಿ ಅಕ್ಕೋರ, ನೀವ ಉಡಬೇಕ್ರಿ."

ಉಡುತ್ತೇನೆ. ಗಂಜಿ ಹೋಗಲಿ ಎಂದು ಎಷ್ಟು ಸಲ ಒಗೆದರೂ ಅದರ ವಾಸನೆ ಹೋಗಿಲ್ಲ. ಉಟ್ಟಾಗ ಆ ಗೆರೆ ಸರಿಯಾಗಿ ಹೆಗಲ ಮೇಲೆ ಬರುತ್ತದೆ, ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದರೆ ಹಿಂದಿನ ಬೆಂಚಿಗೂ ಕಾಣಿಸುತ್ತದೆ. ಅಕ್ಕೋರೇ, ಸೀರೆ ಅಲ್ಲಿ ಹರಿದಿದೆಯೇ ಎಂದು ಒಂದು ಹುಡುಗಿ ಕೇಳಿದಳು. ಹರಿದಿಲ್ಲ, ಅಲ್ಲಿ ಮನೆ ಬದಲಾಗಿದೆ ಎಂದು ಹೇಳಿ ಲೆಕ್ಕ ಮುಂದುವರಿಸಿದೆ.